ಕನ್ನಡಿ ನೋಡಿದವರು ತಿರುಗಿಸಬೇಕು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಕಪ್ಪು ಡಬ್ಬಿ ಇದೆ. ಗಿಡ್ಡನೆಯದು, ಮೇಲೊಂದು ಚಪ್ಪಟೆ ಮುಚ್ಚಳ. ಅಲ್ಯೂಮಿನಿಯಂ ಡಬ್ಬಿಗೆ ಬಳಿದ ಕಪ್ಪು ಬಣ್ಣ ಅಲ್ಲಲ್ಲಿ ಎದ್ದುಹೋಗಿ, ನೋಡಿದವರು ಸುಟ್ಟ ಪಾತ್ರೆಯೆಂದೇ ತಿಳಿಯುತ್ತಾರೆ. ತೊಳೆಯಲು ಬರುವ ರತ್ನಮ್ಮ ಅದನ್ನು ಒಮ್ಮೆ ಬೂದಿ ಹಾಕಿ ಉಜ್ಜಲು ಹೋಗಿ ನನ್ನಿಂದ ಬೈಸಿಕೊಂಡಿದ್ದಳು. ಅದರಲ್ಲಿ ನಾನು ಮೆಂತ್ಯ ಇಟ್ಟುಕೊಳ್ಳುತ್ತಿದ್ದೆ. ಈಚೆಗೆ ಒಂದು ದಿನ ಮುಚ್ಚಳ ತೆಗೆದರೆ ಮೆಂತ್ಯದ ಬದಲು ಕಾರಿನ ಕೀಲಿ!

ನಮ್ಮ ಯಜಮಾನರು ವಿದ್ಯುತ್ ಕಾರು ಕೊಂಡಿದ್ದಾರೆ. ಅದರ ಎರಡನೆಯ ಕೀಲಿಗೆ ಭದ್ರವಾದ ಜಾಗ ಹುಡುಕಿ ಹುಡುಕಿ, ನನ್ನ ಮೆಂತ್ಯವನ್ನು ಪೇಪರಿನ ಮೇಲೆ ಸುರಿದು, ಡಬ್ಬಿಯನ್ನು ಆಕ್ರಮಿಸಿದ್ದರು.

"ಇಡೀ ಮನೇಲಿ ಇದೊಂದೇ ಸಿಕ್ತೇನ್ರೀ ನಿಮಗೆ?" ಎಂದೆ.

"ಹಳೇ ಡಬ್ಬಿ ತಾನೆ? ನಿಮ್ಮಪ್ಪ ಕೊಟ್ಟ ಬೆಳ್ಳಿ ಬಟ್ಟಲೇನಲ್ಲವಲ್ಲ!"

ಅಪ್ಪ ಕೊಟ್ಟಿದ್ದಲ್ಲ, ದೊಡ್ಡಮ್ಮ ಕೊಟ್ಟಿದ್ದು. ಬೆಳ್ಳಿ ಬಟ್ಟಲಾಗಿದ್ದರೆ ನಾನು ಅಷ್ಟು ಸಿಟ್ಟಾಗುತ್ತಿರಲಿಲ್ಲ. ಕೀಲಿಯನ್ನು ಅವರ ಕೈಗೆ ಕೊಟ್ಟು ಮೆಂತ್ಯವನ್ನು ಮತ್ತೆ ತುಂಬುವಾಗ ಡಬ್ಬಿಯ ತಳದಿಂದ ಬೆಂದ ಬೇಳೆಯ ವಾಸನೆ ಬಂದಂತಾಯಿತು. ಬಂದಿರಲಾರದು. ಅಷ್ಟು ವರ್ಷ ಮೆಂತ್ಯ ಕೂತ ಜಾಗದಲ್ಲಿ ಬೇಳೆಯ ವಾಸನೆ ಉಳಿಯುವುದುಂಟೆ? ಆದರೂ ನಾನು ಮುಚ್ಚಳ ಹಿಡಿದು ಸುಮ್ಮನೆ ನಿಂತೆ, ಒಲೆಯ ಮೇಲಿನ ಹಾಲು ಉಕ್ಕಿತು.

ಯಜಮಾನರ ಪರಿಚಯ ಮಾಡಿಕೊಡದೆ ಮುಂದೆ ಹೋದರೆ ಅವರಿಗೆ ಅನ್ಯಾಯವಾಗುತ್ತದೆ. ಪುರವರದ ಕಡೆಯವರು, ಮಧುಗಿರಿಯ ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸರ್ವೀಸಿನ ಉದ್ದಕ್ಕೂ ಜನ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ, "ಕರೆಂಟ್ ಯಾವಾಗ್ ಬತ್ತದೆ ಸಾಮಿ?" ಅವರು ಹೇಳಿದ್ದೂ ಒಂದೇ ಉತ್ತರ, "ಈಗ ಬಂದ್ಬುಡ್ತದೆ." ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಕೊನೆಗೆ ನನ್ನ ಹೆರಿಗೆಯಾದ ಆಸ್ಪತ್ರೆಯ ವರಾಂಡದಲ್ಲಿ ಕೂಡ ಯಾರೋ ಕೇಳಿದ್ದರು, ಇವರು ಹಾಗೇ ಹೇಳಿದ್ದರು. ನಿವೃತ್ತಿಯಾದ ದಿನ ಹಾರ ತೆಗೆದಿಡುತ್ತ, "ಇನ್ಮೇಲೆ ನಾನು ಸುಳ್ಳು ಹೇಳೋ ಅಗತ್ಯವಿಲ್ಲ ಕಣೇ" ಅಂದರು. ಅಂದಿನಿಂದ ಲೆಕ್ಕ ಬಿಟ್ಟು ಮಾತಾಡಿದವರಲ್ಲ. ಸಾರಿಗೆ ಉಪ್ಪು ಎಷ್ಟು ಬೇಕು ಎಂಬುದಕ್ಕೂ ಅವರ ಬಳಿ ಒಂದು ಅಳತೆ ಇದೆ.

ಇಂಥವರು ಕಾರು ಕೊಂಡ ಮೇಲೆ ನಮ್ಮ ಮನೆಯ ಜಗಲಿ ಶಾಸನಸಭೆಯಾಯಿತು. ವಿರೋಧ ಪಕ್ಷದ ನಾಯಕರು ಸಿರಾದ ಬಾಷಾ ಸಾಹೇಬರು. ಯಜಮಾನರ ಜೊತೆ ಒಂದೇ ಆಫೀಸಿನಲ್ಲಿದ್ದವರು, ಈಗಲೂ ಹಳೆಯ ಸ್ಕೂಟರಿನಲ್ಲಿ ದಡದಡ ಎಂದು ಬರುತ್ತಾರೆ. ಚಹಾ ಲೋಟ ಕೈಗೆ ಬರುತ್ತಿದ್ದಂತೆ ಶುರು.

"ಭಾಬಿ, ನೀವೇ ಇನ್ಸಾಫ್ ಮಾಡಿ. ಕಾರು ತಗೊಳ್ಳೋಕೆ ತಾಕತ್ತಿರೋರಿಗೆ ಸರ್ಕಾರ ಯಾಕೆ ಸಬ್ಸಿಡಿ ಕೊಡಬೇಕು? ಬಸ್ಸಿಗೆ ಕೊಡ್ಲಿ. ನಮ್ಮ ಬರಗೂರು ಕಡೆ ಬಸ್ಸಿಗೆ ಕಾಯೋರು ಎಷ್ಟು ಜನ ಇದಾರೆ ನೋಡಿ."

"ಯಾವ ಹೊಸದಕ್ಕೂ ಮೊದಲು ಕೈಹಿಡಿಯೋರು ಬೇಕು ಸಾಹೇಬ್ರೇ" ಎಂದು ಇವರು. "ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು ಕೊಟ್ಟಾಗ ನೀವು ಸುಮ್ಮನಿದ್ರಿ."

"ಅದು ಅನ್ನಕ್ಕೆ ಕೊಟ್ಟಿದ್ದು ಜನಾಬ್! ಇದು ಹವಾ ತಗೊಳ್ಳೋದಕ್ಕೆ. ಅದೂ ಇರ್ಲಿ, ನಿಮ್ಮ ಪ್ಲಗ್ಗಿಗೆ ಬರೋ ಕರೆಂಟು ಎಲ್ಲಿದು? ಕಲ್ಲಿದ್ದಲು ಸುಟ್ಟಿದ್ದು. ಹೊಗೆ ನಿಮ್ಮನೆ ಮುಂದೆ ಬರೋದಿಲ್ಲ, ಇನ್ಯಾರದೋ ಮನೆ ಮುಂದೆ ಹೋಗ್ತದೆ, ಅಷ್ಟೇ ಫರಕ್ಕು."

"ಈಗ ಪಾವಗಡದ ಬಿಸಿಲಿನಿಂದ ಬರ್ತದೆ."

"ರಾತ್ರಿ ಚಾರ್ಜಿಗೆ ಹಾಕ್ತೀರಲ್ಲ, ಪಾವಗಡದಲ್ಲಿ ರಾತ್ರೀನೂ ಬಿಸಿಲಾ?"

ಇಲ್ಲಿಗೆ ಬಂದಾಗ ಯಜಮಾನರು ಬ್ಯಾಟರಿಯ ಕಡೆ ಹೊರಳುತ್ತಾರೆ, ಸಾಹೇಬರು ಹಳೆಯ ಬ್ಯಾಟರಿಗಳನ್ನು ಎಲ್ಲಿ ಹೂಳುತ್ತೀರಿ ಎಂದು ಕೇಳುತ್ತಾರೆ, ಇನ್ನೊಂದು ಸುತ್ತು ಚಹಾ ಆಗುತ್ತದೆ. ನಾನು ನಡುವೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿರುತ್ತೇನೆ. ಇಬ್ಬರದೂ ಸರಿ ಅನ್ನಿಸುತ್ತದೆ. ಪ್ರೈಮರಿ ಶಾಲೆಯಲ್ಲಿ ಮಕ್ಕಳ ಜಗಳ ಬಿಡಿಸಿ ಬಿಡಿಸಿ ನನಗೆ ಬಂದ ರೋಗ ಇದು. ಆದರೆ ಪಾವಗಡದ ಬಿಸಿಲು ಎಂಬ ಮಾತು ಬಂದಾಗ ಮಾತ್ರ ಕೈ ನಿಲ್ಲುತ್ತದೆ. ಆ ಬಿಸಿಲಿನಲ್ಲಿ ಬೆಂದ ಅನ್ನ ಉಂಡವಳು ನಾನು. ಅದನ್ನು ಇವರಿಬ್ಬರಿಗೆ ಹೇಗೆ ಹೇಳಲಿ?

ನಿಮಗೆ ಹೇಳುತ್ತೇನೆ, ಕೇಳಿ.

ನನ್ನ ತವರು ತೋವಿನಕೆರೆ. ಚಿಕ್ಕವಳಿದ್ದಾಗ ಅಮ್ಮನಿಗೆ ಬಹಳ ದಿನ ಹುಷಾರಿಲ್ಲದೆ, ಅಮ್ಮನ ಅಕ್ಕ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಪಾವಗಡದಿಂದಾಚೆ, ಆಂಧ್ರದ ಕೋಳಿ ಕೂಗಿದರೆ ಕೇಳಿಸುವಷ್ಟು ಹತ್ತಿರದ ಹಳ್ಳಿ. ದೊಡ್ಡಮ್ಮನಿಗೆ ಗಂಡುಮಕ್ಕಳೇ, ಹೆಣ್ಣಿರಲಿಲ್ಲ. ಅವರ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆಂದು ನನಗೆ ತಿಳಿಯುತ್ತಿರಲಿಲ್ಲ. ಮೊದಲ ದಿನ "ದಾ ಪಾಪ, ಅನ್ನಂ ತಿಂದೀವಂತೆ" ಎಂದು ಕರೆದರು. ಕೊನೆಯವರೆಗೂ ನಾನು ಅವರಿಗೆ ಪಾಪನೇ. ಹೆಸರು ಹಿಡಿದು ಕರೆದ ನೆನಪೇ ಇಲ್ಲ.

ದೊಡ್ಡಪ್ಪ ಊರಿನ ಶಾಲೆಯ ಮೇಷ್ಟ್ರು. ಒಂದು ದಿನ ಅವರು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಒಂದು ದೊಡ್ಡ ಪೆಟ್ಟಿಗೆ ತಂದರು. ಮುಚ್ಚಳದ ಒಳಗೆ ಕನ್ನಡಿ, ಆಳೆತ್ತರದ್ದೆಂದು ಆಗ ನನಗೆ ಕಂಡಿತ್ತು. ಈಗ ಅಂದಾಜು ಮಾಡಿದರೆ ಮೊಳದುದ್ದವೂ ಇರಲಿಲ್ಲ. ಕನ್ನಡಿಯ ಕೆಳಗೆ ಗಾಜಿನ ಹಲಗೆ, ಅದರ ಕೆಳಗೆ ಕಪ್ಪು ಡಬ್ಬಿಗಳು. ಅಕ್ಕಿ, ಬೇಳೆ, ನೀರು ಹಾಕಿ ಬಿಸಿಲಿಗಿಟ್ಟರೆ ಸೌದೆಯಿಲ್ಲದೆ ಬೇಯುತ್ತದಂತೆ. ಸರ್ಕಾರ ಸಬ್ಸಿಡಿ ಕೊಟ್ಟಿದೆಯಂತೆ. ಸಬ್ಸಿಡಿ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಆ ದಿನವೇ. "ನೋಡು, ಮುಂದಿನ ಕಾಲವೆಲ್ಲ ಇದೇ" ಎಂದು ದೊಡ್ಡಪ್ಪ ಪೆಟ್ಟಿಗೆಯ ಬೆನ್ನು ತಟ್ಟಿದರು. ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು, "ಇದರಾಗೆ ಮುದ್ದೆ ತಿರುವಕಾಯ್ತದಾ?" ಎಂದು ಕೇಳಿದರು. ದೊಡ್ಡಪ್ಪ ಪೆಟ್ಟಿಗೆಯ ಮುಚ್ಚಳ ಹಾಕಿದರು. ಮುದ್ದೆ ಆಗುವುದಿಲ್ಲ. ನಮ್ಮ ಕಡೆ ಶಕ್ತಿಯ ಭವಿಷ್ಯದ ಬಗ್ಗೆ ಮಾತಾಡುವವರು ಯಾರೇ ಆಗಲಿ, ಮೊದಲು ಈ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡು ಬರುವುದು ಒಳ್ಳೆಯದು.

ದೊಡ್ಡಮ್ಮನಿಗೆ ಇನ್ನೊಂದು ಸಂಕಟ. ಸೂರ್ಯದೇವರ ಕೈಲಿ ಅಡುಗೆ ಮಾಡಿಸುವುದು ಸರಿಯೆ? ಬೆಳಗ್ಗೆ ಎದ್ದು ಕೈಮುಗಿಯುವ ದೇವರು. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಪೆಟ್ಟಿಗೆ ಇಡುವ ಜಾಗಕ್ಕೆ ನೀರು ಚಿಮುಕಿಸಿ ಎರಡೆಳೆ ರಂಗೋಲಿ, ಬೆಂದ ಮೇಲೆ ಮೊದಲ ತುತ್ತು ಅಂಗಳದ ಮೂಲೆಯಲ್ಲಿ ಎಲೆಯ ಮೇಲೆ. ಆ ತುತ್ತನ್ನು ಕಾಗೆ ತಿನ್ನುತ್ತಿತ್ತು. ಸೂರ್ಯನ ಪರವಾಗಿ ಕಾಗೆ ಸಹಿ ಹಾಕಿದಂತೆ ಎಂದು ದೊಡ್ಡಪ್ಪ ನಗುತ್ತಿದ್ದರು.

ಪೆಟ್ಟಿಗೆಯ ನಿಜವಾದ ಕಷ್ಟ ಬೇರೆ ಇತ್ತು. ಬಿಸಿಲು ಜರುಗಿದಂತೆ ಅದನ್ನೂ ತಿರುಗಿಸುತ್ತಿರಬೇಕು. ಇಲ್ಲದಿದ್ದರೆ ಅನ್ನ ಅರೆಬೆಂದು ಕೂರುತ್ತದೆ. ದೊಡ್ಡಮ್ಮ ಹೊಲಕ್ಕೆ, ದೊಡ್ಡಪ್ಪ ಶಾಲೆಗೆ. ಯಾರು ತಿರುಗಿಸುವವರು? ಇತ್ತ ಊರಿನ ಹೆಂಗಸರಿಗೆ ಆ ಕನ್ನಡಿಯ ಹುಚ್ಚು. ನೀರಿಗೆ ಹೋಗುವವರು, ಕಡ್ಲೆಕಾಯಿ ಬಿಡಿಸಲು ಹೋಗುವವರು ಎಲ್ಲರೂ ನಮ್ಮ ಅಂಗಳಕ್ಕೆ ಬಂದು ಒಂದು ಸಲ ಇಣುಕಿ, ಹಣೆಯ ಕುಂಕುಮ ಸರಿಮಾಡಿಕೊಂಡು ಹೋಗುವರು. ದೊಡ್ಡಮ್ಮ ಅಂಗಳದಲ್ಲಿ ನಿಂತು ಕಾನೂನು ಮಾಡಿದರು. "ಕನ್ನಡಿ ನೋಡ್ದೋರು ಒಂದು ಗೇಣು ತಿರುಗ್ಸಿ ಹೋಗ್ಬೇಕು. ಸುಮ್ನೆ ನೋಡಂಗಿಲ್ಲ."

ಆ ಕಾನೂನನ್ನು ಊರು ಚಾಚೂ ತಪ್ಪದೆ ಪಾಲಿಸಿತು. ಬಳೆಗಾರ ತಿರುಗಿಸಿದ, ಟಪಾಲಿನವನು ಮೀಸೆ ತಿದ್ದಿಕೊಂಡು ತಿರುಗಿಸಿದ, ಮೇಕೆ ಹೊಡೆದುಕೊಂಡು ಹೋಗುವವನು ಕೋಲನ್ನು ಕಂಕುಳಲ್ಲಿಟ್ಟುಕೊಂಡು ತಿರುಗಿಸಿದ. ಬಾಗಿಲಿಗೆ ಬೀಗ ಹಾಕದ ಮನೆಯ ಅಂಗಳದಲ್ಲಿ ನಮ್ಮ ಮಧ್ಯಾಹ್ನದ ಊಟವನ್ನು ಊರೆಲ್ಲ ಸೇರಿ ಬೇಯಿಸುತ್ತಿತ್ತು. ರಜೆಯ ದಿನಗಳಲ್ಲಿ ಆ ಕೆಲಸ ನನ್ನದು. ನಾನು ಕನ್ನಡಿಯ ಮುಂದೆ ಕೂತು ಜಡೆ ಬಿಚ್ಚಿ ಹೆಣೆದು, ಹಲ್ಲು ಎಣಿಸಿ, ತಿರುಗಿಸುವುದನ್ನೇ ಮರೆಯುತ್ತಿದ್ದೆ. ಒಳಗಿನಿಂದ ದೊಡ್ಡಮ್ಮನ ಕೂಗು ಬರುತ್ತಿತ್ತು, "ಏಮೇ ಸೋಮಾರಿ, ಕನ್ನಡಿ ನೋಡ್ಕೊಂಡು ತಿರುಗ್ಸದೆ ಕುಂತಿದ್ದೀಯಾ?"

ಒಂದು ಸಲ ಪೆಟ್ಟಿಗೆ ಚೆನ್ನಾಗಿ ಬಳಕೆಯಾಗುತ್ತಿದೆಯೇ ಎಂದು ನೋಡಲು ಒಬ್ಬ ಅಧಿಕಾರಿ ಬಂದರು. ಅವರಿಗೆ ಪೆಟ್ಟಿಗೆಯ ಅಡುಗೆಯನ್ನೇ ಬಡಿಸಬೇಕೆಂದು ದೊಡ್ಡಪ್ಪನ ಆಸೆ. ದೊಡ್ಡವರು ಬಂದಿದ್ದಾರೆಂದು ಊರಿನವರೆಲ್ಲ ತಲೆ ಬಾಚಿಕೊಂಡು ಬಂದರು. ಬಂದವರೆಲ್ಲ ಕನ್ನಡಿ ನೋಡಿದರು. ನೋಡಿದವರೆಲ್ಲ, ಕಾನೂನು ಕಾನೂನೇ ಅಲ್ಲವೆ, ಒಂದೊಂದು ಗೇಣು ತಿರುಗಿಸಿದರು. ಊಟದ ಹೊತ್ತಿಗೆ ಪೆಟ್ಟಿಗೆ ಬಿಸಿಲಿಗೆ ಬೆನ್ನು ಹಾಕಿ ಗೋಡೆ ನೋಡುತ್ತಿತ್ತು. ಅಕ್ಕಿ ತಣ್ಣಗೆ ನೆನೆದಿತ್ತು. ದೊಡ್ಡಮ್ಮ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ತೊಗರಿಕಡ್ಡಿ ಉರಿಹಾಕಿ, ಅನ್ನ ಸಾರು ಮಾಡಿ ಕಪ್ಪು ಡಬ್ಬಿಗಳಿಗೆ ತುಂಬಿ ತಂದರು. ಅಧಿಕಾರಿಗಳು ಎರಡು ಸಲ ಹಾಕಿಸಿಕೊಂಡು, "ಏನೇ ಹೇಳಿ ಮೇಷ್ಟ್ರೇ, ಬಿಸಿಲಿನ ಅಡುಗೆ ರುಚೀನೇ ಬೇರೆ" ಎಂದರು. ಹೊಗೆಗೆ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ ದೊಡ್ಡಮ್ಮ ತಲೆಯಾಡಿಸಿದರು.

ಆಮೇಲೆ ಒಂದು ಗಾಳಿಗೆ ಕನ್ನಡಿ ಬಿದ್ದು ಒಡೆಯಿತು. ಕನ್ನಡಿ ಹೋದ ಮೇಲೆ ಜನ ಬರುವುದು ಕಡಿಮೆಯಾಯಿತು, ತಿರುಗಿಸುವವರಿಲ್ಲದೆ ಪೆಟ್ಟಿಗೆ ಮೂಲೆ ಸೇರಿತು, ಅದರಲ್ಲಿ ಕೋಳಿ ಕಾವಿಗೆ ಕೂತಿತು. ನಾನು ತೋವಿನಕೆರೆಗೆ ವಾಪಸು ಹೊರಟ ದಿನ ದೊಡ್ಡಮ್ಮ ಒಂದು ಕಪ್ಪು ಡಬ್ಬಿಗೆ ಕಡ್ಲೆಕಾಯಿ ಉಂಡೆ ತುಂಬಿ ಕೊಟ್ಟರು. ಉಂಡೆ ದಾರಿಯಲ್ಲೇ ಮುಗಿಯಿತು. ಡಬ್ಬಿ ಉಳಿಯಿತು.

ಇದನ್ನೆಲ್ಲ ಈಗ ನೆನೆಯಲು ಕಾರಣ ಬರೀ ಕೀಲಿಯಲ್ಲ. ಕೀಲಿಯ ಜಗಳವಾದ ಮಾರನೆಯ ದಿನ ದೊಡ್ಡಮ್ಮನ ಸೊಸೆ ಸರೋಜ ಫೋನ್ ಮಾಡಿದ್ದಳು. "ಅಕ್ಕ, ಅತ್ತೆಗೆ ಈಗ ಯಾರೂ ಗುರ್ತು ಸಿಕ್ತಿಲ್ಲ ಕಣಕ್ಕ. ಕಣ್ಣೂ ಅಷ್ಟೇ, ಬೆಳಕೊಂದು ಕಾಣ್ತದೆ. ನಿನ್ನೆ ಮಗನ್ನೇ ಯಾರಪ್ಪ ನೀನು ಅಂದ್ಬುಟ್ರು. ನೀವು ಬರೋದಾದ್ರೆ ಬೇಗ ಬಂದ್ಬುಡಿ."

ನನಗೆ ಅನ್ನ ಸೇರಲಿಲ್ಲ. ನನ್ನನ್ನು ಪಾಪ ಎನ್ನುವವರು ಈ ಲೋಕದಲ್ಲಿ ಉಳಿದಿರುವುದು ಅವರೊಬ್ಬರೇ. ಅವರು ಮರೆತರೆ ಆ ಹುಡುಗಿಯೂ ಹೋದಂತೆ. ಇನ್ನೊಮ್ಮೆ ಆ ಬಾಯಿಂದ ಆ ಮಾತು ಕೇಳಬೇಕು, ಅಷ್ಟೇ ನನಗೆ ಬೇಕಾಗಿದ್ದುದು. ಯಜಮಾನರಿಗೆ ಹೇಳಿದೆ. ಅವರು ಕಾಗದ ಪೆನ್ನು ತಂದರು. ಹೋಗಲು ಚಾರ್ಜು ಸಾಕು, ಬರಲು ಸಾಕು, ಆದರೆ ಏಸಿ ಹಾಕಿದರೆ, ದಿಣ್ಣೆ ಹತ್ತಿದರೆ, ಎದುರುಗಾಳಿ ಬಂದರೆ... ನಿಜ ಹೇಳಬೇಕೆಂದರೆ, ಶಕ್ತಿಯ ಭವಿಷ್ಯವೆಲ್ಲ ಹೆಗಲ ಮೇಲೆ ಹೊತ್ತ ಆ ಕಾರು ಅಲ್ಲಿಯವರೆಗೆ ಕೊರಟಗೆರೆಯಿಂದಾಚೆ ಹೋಗಿರಲಿಲ್ಲ. "ಮುಂದಿನ ವಾರ ನೋಡೋಣ" ಎಂದರು.

"ನೀವು ಲೆಕ್ಕ ಹಾಕ್ತಾ ಇರಿ. ನಾನು ಬಸ್ಸಲ್ಲಿ ಹೋಗ್ತೀನಿ" ಎಂದೆ.

ಬಾಷಾ ಸಾಹೇಬರು ಅಲ್ಲೇ ಇದ್ದರು. ಚಹಾ ಲೋಟ ಕೆಳಗಿಟ್ಟು, "ಭಾಬಿ, ನನ್ನ ಸ್ಕೂಟರ್ ತಗೊಂಡು ಹೋಗಿ. ಪೆಟ್ರೋಲು ಎಲ್ಲಿ ಬೇಕಾದ್ರೂ ಸಿಗ್ತದೆ" ಎಂದರು. ಯಜಮಾನರು ಮರುದಿನ ಬೆಳಗಾಗುವ ಮೊದಲೇ ಕಾರು ತೊಳೆದು ನಿಂತಿದ್ದರು.

ಮಿಡಿಗೇಶಿ ದಾಟಿ, ಪಾವಗಡ ದಾಟಿ ಹೋದೆವು. ಕಾರು ಸದ್ದಿಲ್ಲದೆ ಓಡುತ್ತದೆ, ಯಜಮಾನರು ಗಳಿಗೆಗೊಮ್ಮೆ ಚಾರ್ಜಿನ ಅಂಕಿ ನೋಡುತ್ತಿದ್ದರು. ಕಡ್ಲೆಕಾಯಿ ಹೊಲಗಳಿದ್ದ ಕಡೆ ಈಗ ಕಣ್ಣು ಹಾಯುವಷ್ಟು ದೂರ ಬಿಸಿಲಿನ ಫಲಕಗಳು. ನನ್ನ ಡಬ್ಬಿಗೆ ಬಳಿದಿದ್ದ ಬಣ್ಣವನ್ನೇ ಇಡೀ ಬಯಲಿಗೆ ಬಳಿದಂತಿತ್ತು. ಸೂರ್ಯ ಹೋದಂತೆ ತಾವೇ ತಿರುಗುವ ಫಲಕಗಳೂ ಬಂದಿವೆ ಎಂದು ಯಜಮಾನರು ವಿವರಿಸಿದರು. ದೊಡ್ಡಪ್ಪ ಇದ್ದಿದ್ದರೆ ಕಾರು ನಿಲ್ಲಿಸಿ ಇಳಿದು ನೋಡುತ್ತಿದ್ದರು. ಅವರು ಹೇಳಿದ ಮುಂದಿನ ಕಾಲ ಬಂದೇಬಿಟ್ಟಿತ್ತು. ಅದರ ಹತ್ತಿರ ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ, ತಂತಿಬೇಲಿ ಇತ್ತು. ನನಗೆ ಬಳೆಗಾರನ ನೆನಪಾಯಿತು.

ದೊಡ್ಡಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಹಕ್ಕಿಯಷ್ಟಾಗಿದ್ದರು. ನಾನು ಹತ್ತಿರ ಕೂತು ಕೈ ಹಿಡಿದೆ. "ದೊಡ್ಡಮ್ಮ, ನಾನು" ಎಂದೆ. ಅವರು ಬೆಳಕಿನ ಕಡೆ ಮುಖವಿಟ್ಟು, ರವಿಕೆಯ ತೋಳು ಮೇಲೆತ್ತಿ, "ಮೆಲ್ಲಗೆ ಚುಚ್ಚಮ್ಮ, ಹೋದ್ಸಲ ಬಾತ್ಕೊಂಡಿತ್ತು" ಎಂದರು.

ನನ್ನನ್ನು ಆಸ್ಪತ್ರೆಯ ನರ್ಸಮ್ಮ ಎಂದುಕೊಂಡಿದ್ದರು. ನಾನು ಇಂಜೆಕ್ಷನ್ ಕೊಟ್ಟವಳ ಹಾಗೆ ತೋಳು ಸವರಿ ಎದ್ದೆ. ಸರೋಜ ಕಣ್ಣಲ್ಲೇ ಸಮಾಧಾನ ಹೇಳಿದಳು.

ಯಜಮಾನರು ಅಷ್ಟರಲ್ಲಿ ಕಿಟಕಿಯಿಂದ ತಂತಿ ಎಳೆದು, ಸರೋಜಳ ಹಿಟ್ಟಿನ ಗ್ರೈಂಡರಿನ ದಪ್ಪ ಪ್ಲಗ್ಗಿಗೆ ಕಾರನ್ನು ಸಿಕ್ಕಿಸಿದ್ದರು. ಅಂಗಳದಲ್ಲಿ ನಿಂತ ಕಾರಿನ ಗಾಜಿಗೆ ಬಿಸಿಲು ಬಿದ್ದು ಜಗಲಿಯ ಗೋಡೆಯ ಮೇಲೆ, ದೊಡ್ಡಮ್ಮನ ಮುಖದ ಮೇಲೆ ಬೆಳಕು ಆಡುತ್ತಿತ್ತು.

"ಅದೇನೇ ಸರೋಜ, ಫಳಫಳ ಅಂತೈತೆ?"

"ಅಕ್ಕೋರದು ಅತ್ತೆ! ಬಿಸಿಲಿಂದ ನಡೆಯೋದು!" ಎಂದು ಸರೋಜ ಕಿವಿಯ ಹತ್ತಿರ ಕೂಗಿದಳು. ದೊಡ್ಡಮ್ಮ ಹೂಂ ಎಂದು ತಲೆಯಾಡಿಸಿದರು. ಎಲ್ಲ ಅರ್ಥವಾದವರ ಹಾಗೆ.

ಊಟವಾಯಿತು. ಬಿಸಿಲು ಜರುಗಿತು. ಗೋಡೆಯ ಮೇಲಿನ ಬೆಳಕು ಸರಿದು ಸರಿದು ಮುಖದಿಂದ ಜಾರಿತು. ದೊಡ್ಡಮ್ಮ ಚಡಪಡಿಸಲು ತೊಡಗಿದರು. "ಎಂಡ ಪೋತಾ ಐತೆ. ಬಿಸಿಲು ಜಾರ್ತೈತೆ, ಯಾರೂ ನೋಡಾಕಿಲ್ವಾ?" ಬೀದಿಯಲ್ಲಿ ಮೇಕೆಗಳ ಸದ್ದು ಕೇಳಿ, "ಯಾರಪ್ಪ ಅದು? ಒಂದು ಗೇಣು ತಿರುಗ್ಸಿ ಹೋಗಯ್ಯ!" ಎಂದು ಕೂಗಿದರು. ಮೇಕೆಯವನು ಏನು ತಿರುಗಿಸಬೇಕೆಂದು ತಿಳಿಯದೆ ನಿಂತ.

ನನಗೆ ತಡೆಯಲಾಗಲಿಲ್ಲ. ಯಾರಿಗೂ ಕಾಣದಿರಲೆಂದು ಕಾರಿನ ಕಡೆ ಹೋಗಿ, ಅದರ ಕಿಟಕಿ ಗಾಜಿನಲ್ಲಿ ನೋಡಿಕೊಂಡು ಕಣ್ಣೊರೆಸಿದೆ, ಅಳಿಸಿದ ಕುಂಕುಮ ಸರಿಮಾಡಿಕೊಂಡೆ. ನನ್ನ ನೆರಳು ಅಡ್ಡ ಬಂದು ಉಳಿದ ಬೆಳಕೂ ಹೋಗಿರಬೇಕು. ಹಿಂದಿನಿಂದ ಆ ಧ್ವನಿ ಬಂತು.

"ಏಮೇ ಸೋಮಾರಿ! ಕನ್ನಡಿ ನೋಡ್ಕೊಂಡು ತಿರುಗ್ಸದೆ ನಿಂತಿದ್ದೀಯಾ? ಬೇಳೆ ಬೇಯೋದು ಬ್ಯಾಡ್ವಾ ಪಾಪ?"

ನಾನು ತಿರುಗಿ ನೋಡಲಿಲ್ಲ. ನೋಡಿದರೆ ಹೋಗಿಬಿಡುತ್ತದೇನೋ ಎಂದು ಹೆದರಿಕೆಯಾಯಿತು. "ತಿರುಗಿಸ್ತೀನಿ ದೊಡ್ಡಮ್ಮ" ಎಂದೆ. "ರೀ" ಎಂದು ಯಜಮಾನರ ಕಡೆ ನೋಡಿದೆ. ಚಾರ್ಜಿನ ನಡುವೆ ಪ್ಲಗ್ಗು ತೆಗೆಯಬಾರದು ಎನ್ನುತ್ತಾರೆಂದುಕೊಂಡಿದ್ದೆ. ಅವರು ಬಂದು ತಂತಿ ಬಿಚ್ಚಿ, ಒಳಗೆ ಕೂತು, ಹಿಂದೆ ಮುಂದೆ ಮಾಡಿ ಕಾರನ್ನು ಪಡುವಣಕ್ಕೆ ತಿರುಗಿಸಿದರು. ಅದಕ್ಕೆ ಸದ್ದೇ ಇಲ್ಲವಲ್ಲ. ಅದು ತಿರುಗುವಾಗ ನಾನು ತಳ್ಳುವವಳ ಹಾಗೆ ಒಂದು ಕಡೆ ಕೈ ಇಟ್ಟೆ, ಮೇಕೆಯವನು ಕೋಲನ್ನು ಕಂಕುಳಲ್ಲಿಟ್ಟುಕೊಂಡು ಇನ್ನೊಂದು ಕಡೆ ಕೈ ಇಟ್ಟ. ದೊಡ್ಡಮ್ಮನಿಗೆ ಕೇಳಿಸಿದ್ದು ನಮ್ಮ ಹೆಜ್ಜೆ ಮಾತ್ರ. ಬೆಳಕು ಮತ್ತೆ ಅವರ ಮುಖಕ್ಕೆ ಬಂತು.

"ಹಾ, ಸಾಕು ಬುಡಿ. ಬಿತ್ತು" ಎಂದರು. ಮೇಕೆಯವನು ಹೋಗುವ ಮುಂಚೆ ಗಾಜಿನಲ್ಲಿ ಒಮ್ಮೆ ಮೀಸೆ ನೋಡಿಕೊಂಡ.

ನಾನು ಜಗಲಿ ಹತ್ತಿ ಅವರ ತೊಡೆಗೆ ಒರಗಿ ಕೂತೆ. ಅವರ ಕೈ ನನ್ನ ಜಡೆ ಹುಡುಕಿತು. ನನ್ನ ಈಗಿನ ಜಡೆ ಎಷ್ಟರದು, ಆದರೂ ಬಿಚ್ಚಿ ಹೆಣೆಯತೊಡಗಿದರು. ನಾನು ಯಾರೆಂದು ಕೇಳಿ ಪರೀಕ್ಷೆ ಮಾಡುವ ಧೈರ್ಯ ನನಗಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಯಜಮಾನರು ಮತ್ತೆ ಪ್ಲಗ್ಗು ಸಿಕ್ಕಿಸಿ ಕಾರಿನ ಪಕ್ಕ ನಿಂತಿದ್ದರು. ಸಂಜೆಯಾಗುತ್ತ ಬಂತು. ಕತ್ತಲಾಗುವ ಮೊದಲು ಮಧುಗಿರಿ ಸೇರಬೇಕು, ಚಾರ್ಜು ತುಂಬಿದ ಕೂಡಲೇ ಹೊರಡುವುದು ಎಂದು ಬೆಳಗ್ಗೆಯೇ ಅವರು ತೀರ್ಮಾನಿಸಿದ್ದರು. ತುಂಬಿದರೆ ಹಸಿರು ದೀಪ ಹತ್ತುತ್ತದೆ, ಅದು ಹತ್ತದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡುತ್ತ ಕೂತಿದ್ದೆ.

ದೀಪ ಹತ್ತಿತು. ಅವರು ಬಗ್ಗಿ ನೋಡಿದ್ದು ನನಗೆ ಕಂಡಿತು.

"ಆಯ್ತೇನಯ್ಯ? ಬೆಂದದಾ ನೋಡು" ಎಂದರು ದೊಡ್ಡಮ್ಮ.

ಯಜಮಾನರು ದೀಪಕ್ಕೆ ಅಡ್ಡವಾಗಿ ನಿಂತು, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

"ಇನ್ನೂ ಇಲ್ಲ ಅತ್ತೆ. ಇನ್ನೂ ಬಾಳ ಹೊತ್ತಾಗ್ತದೆ."

"ಅಂಗಾರೆ ಕೂತಿರು ಪಾಪ, ಉಂಡ್ಕೊಂಡು ಹೋಗೀವಂತೆ" ಎಂದು ದೊಡ್ಡಮ್ಮ ಜಡೆಯನ್ನು ಮತ್ತೆ ಮೊದಲಿನಿಂದ ಬಿಚ್ಚಿದರು.